ಮೇಣದ ಹೂವಿನ ಮೊದಲ ಕೊಯ್ಲು

ಮೇಣದ ಹೂ ಎಂದು ಅದಕ್ಕೆ ಹೆಸರಿಟ್ಟವಳು ನಾನೇ. ಸಸಿಗಳ ಜೊತೆ ಬಂದ ಕಾಗದಗಳಲ್ಲಿ ವ್ಯಾಕ್ಸ್ ಫ್ಲವರ್ ಎಂದಿತ್ತು. ಆಸ್ಟ್ರೇಲಿಯಾದ ಮರಳು ಸೀಮೆಯ ಪೊದೆಗಿಡ. ಸೂಜಿಯಂಥ ಎಲೆ, ಬೆರಳಲ್ಲಿ ಉಜ್ಜಿದರೆ ನಿಂಬೆಯ ವಾಸನೆ. ಅಂಗಿಗುಂಡಿಯಷ್ಟು ಅಗಲದ ಐದೆಸಳಿನ ತಿಳಿಗುಲಾಬಿ ಹೂ, ಎಸಳಿಗೆ ಮೇಣ ಸವರಿದಂಥ ಹೊಳಪು. ಹೂಗುಚ್ಛ ಕಟ್ಟುವವರು ದೊಡ್ಡ ಹೂಗಳ ನಡುವಿನ ಜಾಗ ತುಂಬಲು ಇದರ ಕಡ್ಡಿಗಳನ್ನು ಬಳಸುತ್ತಾರೆ. ಕತ್ತರಿಸಿ ನೀರಿನಲ್ಲಿಟ್ಟರೆ ಎರಡು ವಾರ ಹೂ ಕಡ್ಡಿ ಬಿಡುವುದಿಲ್ಲ. ಆ ಗುಣವನ್ನು ನಂಬಿಯೇ ಚಳ್ಳಕೆರೆಯ ಎಣ್ಣೆ ಗಿರಣಿ ಯಜಮಾನರು ಸಿದ್ದಾಪುರದ ಗುಡ್ಡದ ಕೆಳಗಿದ್ದ ತಮ್ಮ ಎರಡು ಎಕರೆ ಗರಸು ನೆಲವನ್ನು ತೋಟಗಾರಿಕೆ ಓದಿದ್ದ ನನ್ನ ಕೈಗೆ ಬೇಸಾಯಕ್ಕೆ ಕೊಟ್ಟಿದ್ದರು. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಹೂವಿನ ಬೇಸಾಯವೆಂದರೆ ಎಲ್ಲರ ಕಿವಿ ನೆಟ್ಟಗಾಗುತ್ತಿದ್ದ ಕಾಲ ಅದು.

ನೆಲ ಗಿಡಕ್ಕೆ ಒಗ್ಗಿತು, ನೀರು ಒಗ್ಗಲಿಲ್ಲ. ನಮ್ಮ ಕೊಳವೆ ಬಾವಿಯ ನೀರು ಸುಣ್ಣದ ನೀರು. ಹಂಡೆಯಲ್ಲಿ ಕಾಯಿಸಿದರೆ ತಳದಲ್ಲಿ ಬಿಳಿ ಹೆಕ್ಕಳೆ ಕಟ್ಟುತ್ತಿತ್ತು. ಮೊದಲ ವರ್ಷ ಗಿಡಗಳ ತುದಿಯೆಲ್ಲ ಹಳದಿಗೆ ತಿರುಗಿ ಕೊನೆಗೆ ಬೆಳ್ಳಗಾದವು. ತೊಟ್ಟಿಯ ನೀರಿಗೆ ಅಳತೆ ಮಾಡಿ ಆಮ್ಲ ಬೆರೆಸಿ, ಬಣ್ಣದ ಕಾಗದದಲ್ಲಿ ಪರೀಕ್ಷಿಸಿ, ಹನಿ ಕೊಳವೆಯಲ್ಲಿ ಬಿಟ್ಟು, ಎಲೆಗೆ ಕಬ್ಬಿಣದ ಅಂಶ ಸಿಂಪಡಿಸಿ ಅವುಗಳನ್ನು ಹಸಿರಿಗೆ ತರಲು ಹದಿನಾಲ್ಕು ತಿಂಗಳು ಹಿಡಿಯಿತು. ಎರಡನೆಯ ಚಳಿಗಾಲದಲ್ಲಿ ಮೊಗ್ಗು ಬಂತು. ಬೆಳಗಿನ ಹೊತ್ತು ಗುಡ್ಡದ ಬಂಡೆಗಳ ಕಡೆಯಿಂದ ನೋಡಿದರೆ ಹೊಲದ ಮೇಲೆ ಯಾರೋ ತೆಳು ಬಟ್ಟೆ ಹರವಿದಂತೆ ಕಾಣುತ್ತಿತ್ತು.

ಕೊಯ್ಲಿಗೆ ಸಿದ್ದಾಪುರದಿಂದ ಒಂಬತ್ತು ಜನ ಹೆಂಗಸರು ಬರುತ್ತಿದ್ದರು. ಅವರ ಗುಂಪಿಗೆ ಮುಖ್ಯಳಾದಾಕೆಯನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ಐವತ್ತೈದು ದಾಟಿದ, ಕಡಿಮೆ ಮಾತಿನ ಹೆಂಗಸು. ತವರು ಆಂಧ್ರದ ಕಡೆ; ಕೂಲಿಗೆ ಜೊತೆಗೇ ಬರುತ್ತಿದ್ದ ಸೊಸೆಯೊಂದಿಗೆ ತೆಲುಗು, ನಮ್ಮ ಜೊತೆ ಕನ್ನಡ. ನಾನು ಹೇಳಿಕೊಟ್ಟ ಕ್ರಮವನ್ನು ಒಂದೇ ದಿನದಲ್ಲಿ ಕಲಿತವಳು ಆಕೆಯೊಬ್ಬಳೇ. ಮೂರರಲ್ಲೊಂದು ಪಾಲು ಹೂ ಅರಳಿದ ಕಡ್ಡಿಯನ್ನಷ್ಟೇ ಕತ್ತರಿಸಬೇಕು. ಬಿಸಿಲೇರುವ ಮುಂಚೆ ಷೆಡ್ಡಿಗೆ ತರಬೇಕು. ಕೆಳಗಿನ ಎಲೆ ಸವರಿ, ಹತ್ತು ಕಡ್ಡಿಗೊಂದು ಕಟ್ಟು ಕಟ್ಟಿ, ಕಟ್ಟನ್ನು ತಲೆಕೆಳಗಾಗಿ ಬೂಷ್ಟಿನ ಔಷಧಿಯಲ್ಲಿ ಅದ್ದಿ, ಒದರಿ, ನೆರಳಲ್ಲಿ ತೂಗುಹಾಕಿ ಒಣಗಿಸಬೇಕು. ಆಮೇಲೆ ನಾಲ್ಕು ಗಂಟೆ ನೀರು ಕುಡಿಸಿ ಪೆಟ್ಟಿಗೆಗೆ ಹಾಕಬೇಕು. ಔಷಧಿ ಬಕೀಟಿಗೆ ಒಂದು ಮುಚ್ಚಳ. ಹೆಚ್ಚಾದರೆ ಎಸಳು ಸುಡುತ್ತದೆ, ಹೂ ಉದುರಿದರೂ ಉದುರಬಹುದು ಎಂದು ನಾನು ಎಲ್ಲರಿಗೂ ಎಚ್ಚರಿಸಿದ್ದೆ. ಅಳತೆಯ ಕೆಲಸವನ್ನು ದೊಡ್ಡಮ್ಮನಿಗೆ ಒಪ್ಪಿಸಿದ್ದೆ.

ಮೊದಲ ಕೊಯ್ಲಿನ ದಿನ ಸೋಮವಾರ. ಸಂಜೆಯ ಹೊತ್ತಿಗೆ ಇಪ್ಪತ್ತೆರಡು ಪೆಟ್ಟಿಗೆ ತುಂಬಿದವು. ಅದ್ದಿದ ಮೇಲೆ ತೀರಾ ಗಿಡ್ಡವೆಂದು ಕಟ್ಟಿನಿಂದ ತೆಗೆದ ಕಡ್ಡಿಗಳು ಒಂದು ತೆಕ್ಕೆಯಷ್ಟು ಉಳಿದಿದ್ದವು. ಮನೆಗೆ ಒಯ್ಯಲೇ ಎಂದು ದೊಡ್ಡಮ್ಮ ಕೇಳಿದಾಗ ಹೂಂ ಎಂದೆ.

ಬೆಂಗಳೂರಿನ ಲಾರಿ ಚಳ್ಳಕೆರೆಯಿಂದ ಹೊರಡುವುದು ಬುಧವಾರ. ಅಲ್ಲಿಯವರೆಗೆ ಹೂ ತಂಪಿನಲ್ಲಿರಬೇಕಿತ್ತು. ಚಳ್ಳಕೆರೆಯಲ್ಲಿ ತಂಪು ಕೋಣೆ ಇದ್ದದ್ದು ಮಾರ್ಕೆಟ್ಟಿನ ಹಣ್ಣಿನ ಸಾಹೇಬರ ಬಳಿ ಮಾತ್ರ. ಅವರನ್ನು ಹುಡುಕಿ, ಮಾತಾಡಿ, ಜಾಗ ಗೊತ್ತು ಮಾಡಿದವಳು ನಾನು. ಬಾಡಿಗೆ ಟೆಂಪೊದಲ್ಲಿ ತಂದ ನಮ್ಮ ಪೆಟ್ಟಿಗೆಗಳನ್ನು ಸೇಬು, ಮೂಸಂಬಿಗಳ ಪಕ್ಕದಲ್ಲಿ ಜೋಡಿಸಿ, ಒಳಗಿನ ತಂಪನ್ನು ಕೈಯಲ್ಲಿ ಮುಟ್ಟಿ ನೋಡಿ, ನನ್ನ ಏರ್ಪಾಡಿಗೆ ನಾನೇ ಮೆಚ್ಚಿಕೊಂಡು ಬಂದೆ.

ಗುರುವಾರ ಬೆಳಿಗ್ಗೆ ಬೆಂಗಳೂರಿನಲ್ಲಿ ಹೂವಿನ ವ್ಯಾಪಾರಿಯ ಮಳಿಗೆಯಲ್ಲಿ ಪೆಟ್ಟಿಗೆ ಇಳಿಸಿದೆವು. ಈ ಸರಕು ಒಪ್ಪಿಗೆಯಾದರೆ ಆ ಚಳಿಗಾಲದ ಹೂವನ್ನೆಲ್ಲ ಕೊಳ್ಳುವುದಾಗಿ ಅವರು ಹೇಳಿದ್ದರು. ಅವರೇ ಟೇಪು ಕೊಯ್ದು ಮುಚ್ಚಳ ತೆಗೆದರು. ಮೇಲಿನ ಕಾಗದ ಸರಿಸಿ ಒಂದು ಕಟ್ಟನ್ನು ಎತ್ತಿದರು.

ಕಟ್ಟಿನ ಜೊತೆ ಹೂ ಮೇಲೆ ಬರಲಿಲ್ಲ. ಹಸಿರು ಕಡ್ಡಿಗಳು ಮಾತ್ರ ಬಂದವು. ಹೂವೆಲ್ಲ ಪೆಟ್ಟಿಗೆಯ ತಳದಲ್ಲಿದ್ದವು. ಬಾಡಿರಲಿಲ್ಲ, ಕೊಳೆತಿರಲಿಲ್ಲ. ಒಂದೊಂದೂ ಇಡಿಯಾಗಿ, ಬಣ್ಣ ಮಾಸದೆ, ತೊಟ್ಟಿನಿಂದ ಕಳಚಿಕೊಂಡು ಬಿದ್ದಿದ್ದವು. ನಾನು ಎರಡೂ ಕೈ ಒಳಗೆ ಹಾಕಿ ಬೊಗಸೆ ತುಂಬ ಎತ್ತಿಕೊಂಡೆ. ಯಾಕೆ ಎತ್ತಿಕೊಂಡೆನೋ ತಿಳಿಯದು. ಮತ್ತೆ ಕಡ್ಡಿಗೆ ಅಂಟಿಸುವಂತಿರಲಿಲ್ಲ. ಎರಡನೆಯ ಪೆಟ್ಟಿಗೆ ಹಾಗೆಯೇ. ಹತ್ತನೆಯದೂ ಹಾಗೆಯೇ. ಎಲ್ಲ ಇಪ್ಪತ್ತೆರಡನ್ನೂ ತೆರೆಸಿದೆ. ವ್ಯಾಪಾರಿ ಬೈಯಲಿಲ್ಲ. ಇನ್ನೊಂದು ಸಲ ತನ್ನಿ, ಅದೂ ಹೀಗಾದರೆ ಬೇಡ ಎಂದಷ್ಟೇ ಹೇಳಿ ಬೇರೆ ಕೆಲಸಕ್ಕೆ ಎದ್ದರು. ಮಳಿಗೆಯ ಕಸಗುಡಿಸುವಾಕೆ ನಮ್ಮ ಎರಡು ವರ್ಷದ ಹೂವನ್ನು ಮೊರದಲ್ಲಿ ಬಾಚಿ ತುಂಬುತ್ತಿದ್ದುದನ್ನು ನೋಡುತ್ತ ನಿಂತೆ.

ವಾಪಸು ಬರುವ ಬಸ್ಸಿನಲ್ಲಿ ಕಾರಣ ಹುಡುಕಿದೆ. ಬೂಷ್ಟು ಕಾಣಲಿಲ್ಲ. ಪೆಟ್ಟಿಗೆಯನ್ನು ಯಾರೂ ಎತ್ತಿ ಎಸೆದಿರಲಿಲ್ಲ. ಹಿರಿಯೂರು ದಾಟುವಷ್ಟರಲ್ಲಿ ಉಳಿದದ್ದು ಔಷಧಿ ಒಂದೇ. ಓದು ಬಾರದ ಹೆಂಗಸಿನ ಕೈಗೆ ಅಳತೆ ಕೊಟ್ಟಿದ್ದೆನಲ್ಲ, ಒಂದು ಮುಚ್ಚಳದ ಬದಲು ಎರಡು ಹಾಕಿದ್ದಾಳೆ ಎಂದುಕೊಂಡೆ. ಊಹೆಯಾಗಿ ಹುಟ್ಟಿದ್ದು ಚಳ್ಳಕೆರೆಯಲ್ಲಿ ಇಳಿಯುವ ಹೊತ್ತಿಗೆ ನನ್ನೊಳಗೆ ನಡೆದ ಸಂಗತಿಯೇ ಆಗಿಬಿಟ್ಟಿತ್ತು. ಎಸಳಿನ ಮೇಲೆ ಸುಟ್ಟ ಕಲೆ ಒಂದೂ ಇರಲಿಲ್ಲವೆಂಬುದು ಕಣ್ಣೆದುರೇ ಇದ್ದರೂ ಅದನ್ನು ಯೋಚನೆಗೆ ತಂದುಕೊಳ್ಳಲಿಲ್ಲ.

ಶುಕ್ರವಾರ ಬೆಳಿಗ್ಗೆ ಹೊಲದಲ್ಲಿ ಹೆಂಗಸರೆಲ್ಲ ಸೇರಿದ್ದಾಗ ದೊಡ್ಡಮ್ಮನನ್ನು ಮುಂದೆ ಕರೆದೆ. ಎಷ್ಟು ಮುಚ್ಚಳ ಹಾಕಿದೆ ಎಂದು ಕೇಳಿದೆ. ಒಂದೇ ಎಂದಳು. ಪ್ರತಿ ಬಕೀಟಿಗೂ ಒಂದೊಂದು ಕಲ್ಲು ಷೆಡ್ಡಿನ ಕಟ್ಟೆಯ ಮೇಲೆ ಇಟ್ಟಿದ್ದೀನಿ, ಬೇಕಾದರೆ ಬಾಟಲಿಯಲ್ಲಿ ಉಳಿದದ್ದನ್ನು ನೋಡಿ ಲೆಕ್ಕ ಹಾಕಿ ಎಂದಳು. ನಾನು ಕಟ್ಟೆಯ ಕಡೆ ತಿರುಗಿಯೂ ನೋಡಲಿಲ್ಲ. ಹೂವೆಲ್ಲ ಉದುರಿ ಹೋಗಿವೆ, ಎಲ್ಲ ಹಾಳಾಯಿತು ಎಂದು ಜೋರು ಮಾಡಿದೆ.

"ನಾ ಮನಿಗೆ ಒಯ್ದವು ಒಂದೂ ಉದ್ರಿಲ್ಲ ಕಣಮ್ಮ. ಅವೂ ಅದೇ ಬಕೀಟ್ನಾಗೆ ಅದ್ದಿದ್ವು," ಎಂದಳು ದೊಡ್ಡಮ್ಮ.

ಈ ಮಾತನ್ನು ನಾನು ಕೇಳಿಸಿಕೊಂಡೆ. ಅದು ನನಗೆ ಎದುರುತ್ತರವಾಗಿ ಕೇಳಿಸಿತು. ಇನ್ನು ಮೇಲೆ ನೀನು ಈ ಹೊಲಕ್ಕೆ ಬರಬೇಡ ಎಂದುಬಿಟ್ಟೆ. ಹೆಂಗಸರು ನೆಲ ನೋಡಿದರು. ದೊಡ್ಡಮ್ಮ ಕತ್ತರಿಯನ್ನು ಕಟ್ಟೆಯ ಮೇಲಿಟ್ಟು ಸೆರಗು ಸರಿಮಾಡಿಕೊಂಡಳು. ಸೊಸೆಗೆ, "ಪದಮ್ಮಾ, ಪೋದಾಂ," ಎಂದಳು, ನಡಿಯಮ್ಮ ಹೋಗೋಣ ಎಂದು. ಇಬ್ಬರೂ ಬದುವಿನ ಮೇಲೆ ಒಬ್ಬರ ಹಿಂದೊಬ್ಬರು ನಡೆದು ಹೋದರು.

ಮುಂದಿನ ಸೋಮವಾರ ಎರಡನೆಯ ಕೊಯ್ಲು. ಈ ಸಲ ಅಳತೆಯನ್ನು ಬೇರೆಯವರ ಕೈಗೆ ಬಿಡಲಿಲ್ಲ. ಗಾಜಿನ ಅಳತೆ ಕೊಳವೆ ತಂದು, ಕಣ್ಣಿನ ಮಟ್ಟಕ್ಕೆ ಹಿಡಿದು, ಬೇಕಾದುದಕ್ಕಿಂತ ಅರ್ಧ ಮುಚ್ಚಳ ಕಡಿಮೆಯೇ ಹಾಕಿದೆ. ಪ್ರತಿ ಕಟ್ಟನ್ನೂ ನಾನೇ ಅದ್ದಿದೆ, ನಾನೇ ಒದರಿದೆ. ಹದಿನೆಂಟು ಪೆಟ್ಟಿಗೆಯಾದವು. ಅದೇ ಟೆಂಪೊ, ಅದೇ ತಂಪು ಕೋಣೆ.

ಬುಧವಾರ ಮಧ್ಯಾಹ್ನ ಲಾರಿಗೆ ಏರಿಸುವ ಮೊದಲು ಒಂದು ಪೆಟ್ಟಿಗೆಯನ್ನು ತೆರೆದು ನೋಡೋಣ ಅನ್ನಿಸಿತು. ಸಾಹೇಬರ ಅಂಗಡಿಯ ಮುಂದೆ, ಬಿಸಿಲಲ್ಲಿ, ಮುಚ್ಚಳ ತೆಗೆದು ಒಂದು ಕಟ್ಟನ್ನು ಎತ್ತಿದೆ.

ಕಡ್ಡಿ ಬಂತು. ಹೂ ತಳದಲ್ಲಿತ್ತು.

ಬೆಂಗಳೂರಿನಲ್ಲಿ ಬಿದ್ದ ಏಟಿಗಿಂತ ಇದು ಹತ್ತು ಪಟ್ಟು ದೊಡ್ಡದು. ಅಲ್ಲಿ ಬೇರೆಯವರ ತಪ್ಪೆಂದು ಹೇಳಿಕೊಳ್ಳಲು ಒಂದು ಜಾಗವಿತ್ತು. ಇಲ್ಲಿ ಅಳೆದದ್ದು, ಅದ್ದಿದ್ದು, ಕಟ್ಟಿದ್ದು ಎಲ್ಲ ನನ್ನದೇ ಕೈ. ಮೂಸಂಬಿ ಮೂಟೆಯ ಮೇಲೆ ಕುಳಿತೆ. ಸಾಹೇಬರು ಗಲ್ಲಾಪೆಟ್ಟಿಗೆಯ ಮುಂದಿನಿಂದ ಎದ್ದು ಬಂದು ಪೆಟ್ಟಿಗೆಯೊಳಗೆ ಬಗ್ಗಿ ನೋಡಿದರು. ಬಾಡಿಲ್ಲವಲ್ಲ, ಆದರೂ ಉದುರಿದೆ ಎಂದು ಗಡ್ಡ ನೀವಿಕೊಂಡರು. ಆಮೇಲೆ ನನ್ನನ್ನು ತಂಪು ಕೋಣೆಯ ಪಕ್ಕದ ಬಾಗಿಲಿಗೆ ಕರೆದೊಯ್ದರು. ಅದು ಬಾಳೆಕಾಯಿಯನ್ನು ಹಣ್ಣು ಮಾಡುವ ಕೋಣೆ. ಗೊನೆಗಳನ್ನು ಸಾಲಾಗಿ ನಿಲ್ಲಿಸಿ, ಮೂಲೆಯ ಮಡಕೆಯಲ್ಲಿ ಹೊಗೆ ಹಾಕಿದ್ದರು. ಎರಡು ಕೋಣೆಗಳ ನಡುವಿನ ಗೋಡೆ ಚಾವಣಿಯವರೆಗೆ ಹೋಗಿರಲಿಲ್ಲ. ಮೇಲೆ ಒಂದು ಮೊಳ ತೆರೆದಿತ್ತು.

"ನೋಡು ಬೇಟಿ, ಕಾಯಿ ಮಧ್ಯೆ ಒಂದು ಪಕ್ಕಾ ಹಣ್ಣು ಇಟ್ರೆ ಅದ್ರ ಹವಾ ತಾಗಿ ಎಲ್ಲಾ ಹಣ್ಣಾಗ್ತಾವೆ. ಹಣ್ಣಾದ್ಮೇಲೆ ತೊಟ್ಟು ಬಿಡ್ಲೇಬೇಕಲ್ಲ? ನಿಮ್ ಹೂವಿಗೂ ಆ ಹವಾ ತಾಗೈತೆ ಅನ್ಸುತ್ತೆ."

ಆ ಹವೆಯ ಹೆಸರು ನನಗೆ ಗೊತ್ತಿತ್ತು. ಎಥಿಲೀನ್. ಹಣ್ಣು ಮಾಗುವಾಗ ಹೊರಬರುವ ಅನಿಲ; ಹೊಗೆಯಲ್ಲೂ ಇರುತ್ತದೆ; ಕಾಯಿಯನ್ನು ಹಣ್ಣಾಗಿಸುತ್ತದೆ, ಹೂವನ್ನು ತೊಟ್ಟಿನಿಂದ ಬಿಡಿಸುತ್ತದೆ. ಪದವಿ ಪರೀಕ್ಷೆಯಲ್ಲಿ ಅದರ ಮೇಲೆ ಮೂರು ಪುಟ ಬರೆದು ಒಳ್ಳೆಯ ಅಂಕ ಪಡೆದಿದ್ದೆ. ಹಣ್ಣಿನ ಜೊತೆ ಹೂ ಇಡಬಾರದೆಂಬ ವಾಕ್ಯವನ್ನೂ ನನ್ನ ಕೈಯಾರೆ ಬರೆದಿದ್ದೆ. ಆ ವಾಕ್ಯಕ್ಕೂ ಈ ಕೋಣೆಗೂ ನಡುವೆ ನನ್ನ ತಲೆಯಲ್ಲಿ ದಾರಿಯೇ ಇರಲಿಲ್ಲ.

ಆ ಪೆಟ್ಟಿಗೆಗಳನ್ನು ಲಾರಿಗೆ ಏರಿಸಲಿಲ್ಲ. ಆದರೂ ಊಹೆಯ ಮೇಲೆ ಎರಡನೆಯ ಸಲ ನಡೆಯುವ ಧೈರ್ಯವಿರಲಿಲ್ಲ. ಗುರುವಾರ ಬೆಳಿಗ್ಗೆ ಹೊಸದಾಗಿ ಆರು ಕಟ್ಟು ಕೊಯ್ದು ಒಂದೇ ಬಕೀಟಿನಲ್ಲಿ ಅದ್ದಿದೆ. ಎರಡನ್ನು ಸಾಹೇಬರ ತಂಪು ಕೋಣೆಯಲ್ಲಿಟ್ಟೆ. ಎರಡನ್ನು ಯಜಮಾನರ ಗಿರಣಿಯ ಆಫೀಸಿನಲ್ಲಿ, ಒದ್ದೆ ಗೋಣಿ ಸುತ್ತಿದ ಪೆಟ್ಟಿಗೆಯಲ್ಲಿಟ್ಟೆ. ಉಳಿದೆರಡಕ್ಕೆ ಔಷಧಿಯನ್ನು ಬೇಕೆಂದೇ ಎರಡು ಪಟ್ಟು ಮಾಡಿ ಮತ್ತೊಮ್ಮೆ ಅದ್ದಿ ಅವನ್ನೂ ಆಫೀಸಿನಲ್ಲೇ ಇಟ್ಟೆ. ಶನಿವಾರ ಮೂರು ಜೋಡಿಯನ್ನೂ ತೆರೆದೆ. ತಂಪು ಕೋಣೆಯ ಕಟ್ಟುಗಳು ಬೋಳಾಗಿದ್ದವು. ಆಫೀಸಿನ ಕಟ್ಟುಗಳನ್ನು ಜೋರಾಗಿ ಒದರಿದರೂ ಮೂರೋ ನಾಲ್ಕೋ ಹೂ ಬಿದ್ದವು, ಅಷ್ಟೆ. ಎರಡು ಪಟ್ಟು ಔಷಧಿ ತಿಂದವು ಅಂಚಿನಲ್ಲಿ ಕಂದು ಕಲೆ ಬಿಟ್ಟಿದ್ದವು, ಆದರೆ ಅವೂ ಉದುರಿರಲಿಲ್ಲ. ಎಂದರೆ ದೊಡ್ಡಮ್ಮ ನಿಜವಾಗಿ ತಪ್ಪಿಯೇ ಎರಡು ಮುಚ್ಚಳ ಹಾಕಿದ್ದರೂ ಹೂ ಉಳಿಯುತ್ತಿದ್ದವು.

ಯಜಮಾನರಿಗೆ ಎಲ್ಲವನ್ನೂ ಹೇಳಿದೆ. ಹಣೆಯ ಮೇಲಿನ ವಿಭೂತಿಯ ಗೆರೆ ಸುಕ್ಕಾಗದಂತೆ ಶಾಂತವಾಗಿ ಕೇಳಿದರು. ಅವರಿಗೆ ಸಮಾಧಾನವೇ ಆಯಿತು. ಗಿರಣಿಯ ಹಳೆಯ ಬೀಜದ ಕೋಣೆ ದಪ್ಪ ಗೋಡೆಯದು, ಅದನ್ನು ಹೂವಿಗೆ ಬಿಡಿಸಿಕೊಡುತ್ತೇನೆ, ಕೊಯ್ಲಿನ ದಿನವನ್ನು ಮಂಗಳವಾರಕ್ಕೆ ಇಟ್ಟುಕೊಳ್ಳಿ ಎಂದರು. ನಾನು ದೊಡ್ಡಮ್ಮನ ಮನೆಗೆ ಹೋಗಿ ಬರುತ್ತೇನೆ ಎಂದಾಗ ಅವರ ದನಿ ಬದಲಾಯಿತು.

"ಗೊತ್ತಾತಲ್ಲ, ಬಿಡ್ರಿ ಮೇಡಂ. ಬೇಕಾದ್ರೆ ಕೆಲಸಕ್ಕೆ ಬಾ ಅಂತ ಹೇಳಿ ಕಳಿಸ್ರಿ. ಕೂಲೇರ ಮುಂದೆ ತಪ್ಪಾತು ಅಂತ ನಿಂತ್ಕಂಡ್ರೆ ನಾಳೆ ನಿಮ್ಮ ಮಾತು ಯಾರು ಕೇಳ್ತಾರೆ?"

ಅವರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ನಾನೂ ಒಂದು ಗಳಿಗೆ ಅದನ್ನೇ ಯೋಚಿಸಿದೆ. ಹೇಳಿ ಕಳಿಸಿದರೆ ಆಕೆ ಬರಬಹುದು, ಎಲ್ಲ ಮೊದಲಿನಂತೆ ನಡೆಯಬಹುದು, ಯಾರೂ ಏನೂ ಕೇಳಲಿಕ್ಕಿಲ್ಲ. ಆದರೆ ಶುಕ್ರವಾರದಿಂದ ಸಿದ್ದಾಪುರದಲ್ಲಿ ಏನು ಮಾತು ಹಬ್ಬಿದೆ ಎಂದು ಟೆಂಪೊ ಚಾಲಕ ನನಗೆ ತಿಳಿಸಿದ್ದ. ದೊಡ್ಡಮ್ಮ ವಿಷ ಹಾಕಿ ಹೂ ಕೆಡಿಸಿದಳಂತೆ ಎನ್ನುತ್ತಿದ್ದರು. ರೇಷ್ಮೆ ಹುಳು ಸಾಕುವ ಮನೆಯವರು ಆಕೆಯನ್ನು ಸೊಪ್ಪು ಹಾಕಲು ಕರೆಯುವುದನ್ನೂ ನಿಲ್ಲಿಸಿದ್ದರು. ಬಸ್ಸಿನಲ್ಲಿ ನನ್ನೊಳಗೆ ಹುಟ್ಟಿದ ಮಾತು ಹಳ್ಳಿಯ ಮನೆಮನೆಗೆ ಹೋಗಿ ಕುಳಿತಿತ್ತು. ಯಜಮಾನರಿಗೆ, ನಾನು ಹೋಗಲೇಬೇಕು, ಆಮೇಲೆ ನನ್ನ ಮಾತು ಯಾರೂ ಕೇಳದಿದ್ದರೆ ಬೇರೆಯವರನ್ನು ನೇಮಿಸಿಕೊಳ್ಳಿ ಎಂದೆ. ಅವರು ತಡೆಯಲಿಲ್ಲ.

ಭಾನುವಾರ ಬೆಳಿಗ್ಗೆ ಹೋದೆ. ಕಲ್ಲುಚಪ್ಪಡಿಯ ಗೋಡೆಯ ಚಿಕ್ಕ ಮನೆ. ದೊಡ್ಡಮ್ಮ ಅಂಗಳದಲ್ಲಿ ಹುರುಳಿ ಕೇರುತ್ತಿದ್ದಳು. ಒಳಗೆ ಬರ್ರಿ ಎಂದು ಚಾಪೆ ಹಾಸಿದಳು. ಕುಳಿತುಕೊಳ್ಳುವಾಗ ಕಣ್ಣು ಗೂಡಿನ ಕಡೆ ಹೋಯಿತು. ಅಲ್ಲಿ ಹಿತ್ತಾಳೆ ಚೊಂಬಿನಲ್ಲಿ ಮೇಣದ ಹೂ. ಮೊದಲ ಕೊಯ್ಲಿನ ಗಿಡ್ಡ ಕಡ್ಡಿಗಳು. ಹದಿಮೂರು ದಿನ ಕಳೆದಿತ್ತು. ಬಣ್ಣ ತುಸು ಮಾಸಿತ್ತು, ಎಲೆ ಸ್ವಲ್ಪ ಒಣಗಿತ್ತು. ಹೂ ಮಾತ್ರ ಕಡ್ಡಿಯ ಮೇಲೇ ಇದ್ದವು.

ಪರೀಕ್ಷೆ ಮಾಡಿ ತಿಳಿದುಕೊಂಡಿದ್ದೆ ನಿಜ. ಆದರೂ ಒಂದು ಕಡ್ಡಿಯನ್ನು ಬೆರಳಿಂದ ಅಲುಗಿಸಿ ನೋಡಿದೆ, ಒಂದೂ ಬೀಳಲಿಲ್ಲ. ಆಕೆ ಇದನ್ನೇ ಅಂದು ನನಗೆ ಹೇಳಿದ್ದು. ನಡೆದು ಬಂದು ನೋಡಿದ್ದರೆ ಅರ್ಧ ಗಂಟೆಯ ಕೆಲಸ. ಎರಡನೆಯ ಕೊಯ್ಲು ಉಳಿಯುತ್ತಿತ್ತು. ಅದಕ್ಕಿಂತ ಹೆಚ್ಚಿನದೂ ಉಳಿಯುತ್ತಿತ್ತು.

ತಪ್ಪು ನನ್ನದು, ಹಣ್ಣಿನ ಕೋಣೆಯಲ್ಲಿ ಹೂ ಇಟ್ಟವಳು ನಾನು ಎಂದು ತಡವರಿಸುತ್ತ ಹೇಳಿದೆ. ಆಕೆ ಪೂರ್ತಿ ಕೇಳಿಸಿಕೊಂಡಳು. ಮುಖದಲ್ಲಿ ಸಿಟ್ಟಿರಲಿಲ್ಲ, ಸಂತೋಷವೂ ಇರಲಿಲ್ಲ.

"ಬರಬ್ಯಾಡ ಅಂದಿದ್ದು ಹೊಲ್ದಾಗೆ, ಎಲ್ಲಾರ ಮುಂದೆ," ಎಂದಳು. "ತಪ್ಪಾತು ಅನ್ನೋದು ನಮ್ಮನಿ ಒಳಗಾ ಅಮ್ಮ?"

ಸೋಮವಾರ ಬೆಳಿಗ್ಗೆ ಹೊಲದಲ್ಲಿ ಹೆಂಗಸರನ್ನು ಅದೇ ಷೆಡ್ಡಿನ ಮುಂದೆ ಸೇರಿಸಿದೆ. ದೊಡ್ಡಮ್ಮ ಸೊಸೆಯ ಜೊತೆ ಬಂದು ಬದುವಿನ ಮೇಲೆ ನಿಂತಳು. ಯಜಮಾನರೂ ಚಳ್ಳಕೆರೆಯಿಂದ ಸ್ಕೂಟರಿನಲ್ಲಿ ಬಂದಿದ್ದರು, ದೂರ ನಿಂತಿದ್ದರು. ಹಿಂದಿನ ರಾತ್ರಿ ಮಾತುಗಳನ್ನು ಜೋಡಿಸಿಕೊಂಡಿದ್ದೆ, ಒಂದೂ ನೆನಪಾಗಲಿಲ್ಲ. ದೊಡ್ಡಮ್ಮನ ಅಳತೆ ಸರಿಯಾಗಿತ್ತು, ಹೂ ಉದುರಿದ್ದು ನನ್ನ ತಪ್ಪಿನಿಂದ, ಗೊತ್ತಿಲ್ಲದೆ ಆಕೆಯ ಮೇಲೆ ಹೊರಿಸಿದೆ, ಇದನ್ನು ಊರಿನಲ್ಲಿ ಎಲ್ಲರಿಗೂ ಹೇಳಿ ಎಂದೆ. ಎರಡು ನಿಮಿಷವೂ ಹಿಡಿಯಲಿಲ್ಲ.

ಹಿಂದಿನ ಸಾಲಿನಲ್ಲಿದ್ದ ಹೆಂಗಸೊಬ್ಬಳು, ದೊಡ್ಡಮ್ಮ ಒಂದೇ ಮುಚ್ಚಳ ಹಾಕಿದ್ದನ್ನು ನಾವೆಲ್ಲ ನೋಡಿದ್ದೆವು ಎಂದಳು. ಹಾಗಾದರೆ ಅವತ್ತೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ನಿಮ್ಮ ಮಖ ನೋಡಿ ಹೆದರ್ಕಂಡ್ವಿ ಕಣಮ್ಮ."

ಈ ಮಾತಿಗೆ ನಾನು ಸಿದ್ಧಳಾಗಿರಲಿಲ್ಲ. ಎರಡು ವರ್ಷ ಅವರ ಜೊತೆ ಬುತ್ತಿ ಬಿಚ್ಚಿ ಉಂಡವಳು, ಅವರ ಮಕ್ಕಳ ಹೆಸರೆಲ್ಲ ಬಲ್ಲವಳು, ಅವರಲ್ಲಿ ಒಬ್ಬಳಾಗಿ ಹೋಗಿದ್ದೇನೆ ಎಂದು ತಿಳಿದಿದ್ದೆ. ಅವರೆಲ್ಲ ನನಗೆ ಹೆದರಿ ಕಣ್ಣಾರೆ ಕಂಡದ್ದನ್ನು ನುಂಗಿಕೊಂಡಿದ್ದರು.

ದೊಡ್ಡಮ್ಮ ಸೊಸೆಯ ಬೆನ್ನು ಮುಟ್ಟಿ ಮುಂದೆ ಕಳಿಸಿದಳು. ಸೊಸೆ ಹೆಂಗಸರ ಜೊತೆ ಸೇರಿಕೊಂಡಳು. ತಾನು ಮಾತ್ರ ಬದುವಿನಿಂದ ಕೆಳಗಿಳಿಯದೆ ಊರ ಕಡೆ ಹೊರಟಳು.

ಮಂಗಳವಾರ ಕೊಯ್ದ ಹೂ ಬೀಜದ ಕೋಣೆಯಲ್ಲಿ ಒಂದು ದಿನ ಇದ್ದು ಬೆಂಗಳೂರಿಗೆ ಹೋಯಿತು. ವ್ಯಾಪಾರಿ ಕಟ್ಟನ್ನು ಎತ್ತಿ, ತಲೆಕೆಳಗು ಮಾಡಿ, ಒದರಿ ನೋಡಿದರು. ಐದಾರು ಹೂ ಬಿದ್ದವು. ವಾರಕ್ಕೆ ಇಪ್ಪತ್ತು ಪೆಟ್ಟಿಗೆ ಕಳಿಸಿ ಎಂದರು. ಯಜಮಾನರು ನನ್ನನ್ನು ಬಿಡಿಸಲಿಲ್ಲ; ಹೆಂಗಸರೂ ಮಾತು ಕೇಳದೆ ಹೋಗಲಿಲ್ಲ. ರೇಷ್ಮೆ ಮನೆಯವರು ದೊಡ್ಡಮ್ಮನನ್ನು ಮತ್ತೆ ಕರೆದರೆಂದು ಸೊಸೆಯಿಂದ ತಿಳಿಯಿತು.

ಆ ವಾರದ ಕೊನೆಗೆ ಮತ್ತೆ ಆಕೆಯ ಮನೆಗೆ ಹೋದೆ. ಕೆಲಸಕ್ಕೆ ಬನ್ನಿ ಎಂದೆ. ಏಕವಚನ ಬಾಯಿಗೆ ಬರಲಿಲ್ಲ. ಆಕೆ ಮೊರದಲ್ಲಿದ್ದ ಕಾಳನ್ನು ಬೆರಳಿಂದ ಸರಿಸಿದಳು.

"ಸಿಟ್ಟಿಗಲ್ಲಮ್ಮ. ನೀವು ಎಲ್ಲಾರ ಮುಂದೆ ಹೇಳಿದ್ರಿ, ಅದು ಮುಗೀತು. ಮೊನ್ನೆ ರೇಷ್ಮೆ ಮನೇರು ಹುಳಕ್ಕೆ ರೋಗ ಬರದಂಗೆ ಹಾಕೋ ಪುಡಿ ಅಳ್ದು ಹಾಕು ಅಂದ್ರು. ಮುಚ್ಚಳ ಹಿಡಿದ್ರೆ ಕೈ ನಡುಗ್ತೈತೆ. ಮೊದ್ಲು ಹಂಗಿರ್ಲಿಲ್ಲ." ಆಮೇಲೆ ಒಳಗೆ ಒಲೆಯ ಮುಂದಿದ್ದ ಸೊಸೆಯ ಕಡೆ ಕೈ ಮಾಡಿದಳು. "ಅವ್ಳಿಗೆ ಕಲಿಸೀನಿ. ಅವ್ಳು ಹಾಕ್ತಾಳೆ."

ಮುಂದಿನ ಕೊಯ್ಲಿನಲ್ಲಿ ಸೊಸೆ ಔಷಧಿಯ ಬಾಟಲಿ ತೆಗೆದುಕೊಂಡು ಬಕೀಟಿನ ಮುಂದೆ ಕುಳಿತಳು. ಮುಚ್ಚಳ ತಿರುಗಿಸಿ ನನ್ನ ಕಡೆ ನೋಡಿದಳು. ಅವಳು ಅಳೆದು ಮುಗಿಸುವವರೆಗೆ ನಾನು ಷೆಡ್ಡಿನಿಂದ ಹೊರಗೆ ಹೋಗಿ ನಿಂತೆ.